ಬಟ್ಟಲು ಹಾಯುವಷ್ಟು ಕಿಂಡಿ

ದಾವಣಗೆರೆಯ ಮಂಡಿಪೇಟೆ, ಗುತ್ಯಪ್ಪನವರ ಡಿಟಿಪಿ ಅಂಗಡಿ.
ಮಷೀನು ಒಂದೇ; ಅದರ ಹೊಟ್ಟೆಯಲ್ಲಿ ಇನ್ನೊಂದು.
ಹೊರಗಿನದು ಹೋದ ವರ್ಷದ್ದು, ಒಳಗಿನದು
ಕಂಪನಿಯವರೇ ಕೈಬಿಟ್ಟ ಹಳೇ ವಿಂಡೋಸು:
ಕಿಟಕಿಯೊಳಗೆ ಕಿಟಕಿ, ಹಸಿರು ಗುಡ್ಡ,
ಎಂದೂ ಸಂಜೆಯಾಗದ ನೀಲಿ ಆಕಾಶ.

ಯಾಕ್ರೀ ಇದನ್ನ ಇನ್ನೂ ಇಟ್ಕಂಡೀರಿ ಅಂದರೆ
"ನನ್ನ ಒತ್ತಕ್ಷರ ಕೂರೋದು ಅದರಾಗೆ ಕಣಮ್ಮ" ಅನ್ನುತ್ತಾರೆ.
ನಿಜ. ಅವರ ಹಳೇ ಫಾಂಟನ್ನು ಹೊಸದರಲ್ಲಿ ತೆರೆದರೆ
ಲಗ್ನಪತ್ರಿಕೆ ಎಂಬುದು ಒಂದು ಡಾಲರು, ಅರ್ಧ ಆವರಣ,
ಎರಡು ಪ್ರಶ್ನಾರ್ಥಕ ಚಿಹ್ನೆ.
ಮದುವೆಗೆ ಮೊದಲೇ ಅಷ್ಟು ಪ್ರಶ್ನೆ ಯಾರಿಗೆ ಬೇಕು!

ಒಳಗಿನದನ್ನು ಅತಿಥಿ ಅನ್ನುತ್ತದೆ ಸಾಫ್ಟ್‌ವೇರು.
ಎಂಥ ಅತಿಥಿ!
ತಾನೇ ಮನೆಯೊಡೆಯ, ತನ್ನ ಸಿ ಡ್ರೈವೇ ಇಡೀ ಊರು
ಅಂದುಕೊಂಡಿದೆ ಪಾಪ.
ನಾನು ಎಲ್ಲಿ ಕೊರೆಯುತ್ತೇನೋ ಅಲ್ಲೇ ಅದಕ್ಕೆ ಬಾಗಿಲು.

ಮೊದಲ ಸಲ ಕೊರೆದಾಗ ಧಾರಾಳಿ ನಾನು.
ಯಾವ ಫೋಲ್ಡರು ಹಂಚಲಿ ಎಂದಿತು. ಇಡೀ ಡಿಸ್ಕು, ಅಂದೆ.
ಓದಲು ಮಾತ್ರವೋ, ಬರೆಯಲೂ ಬಿಡಲೋ? ಬಿಡು, ಅಂದೆ.
ಪ್ರತಿ ಸಲ ತಾನಾಗಿ ಜೋಡಿಸಲೇ? ಹ್ಞೂಂ ಹ್ಞೂಂ.
ರಂಗೋಲಿಗೆ ಚುಕ್ಕಿ ಇಟ್ಟಂತೆ ಚೌಕಗಳಿಗೆಲ್ಲ ಟಿಕ್ಕು.
ಒಬ್ಬಳೇ ಕೂತು ದುಡಿಯುವ ಅಂಗಡಿಯಲ್ಲಿ ಮುಚ್ಚುಮರೆ ಏನು?

ಒಂದು ಗುರುವಾರ ಹೊಂಡದ ಸರ್ಕಲ್ಲಿನ ಶಾಮಿಯಾನದವನು
ಬಿಲ್ಲುಪುಸ್ತಕಕ್ಕೆಂದು ಕೆಂಪು ದಾರ ಕಟ್ಟಿದ ಪೆನ್‌ಡ್ರೈವ್ ತಂದ.
ಹಳೇದರ ಬಾಯಿಗೆ ಕೊಟ್ಟೆ. ನುಂಗಿತು. ಜ್ವರ ಬಂತು.
ಜ್ವರ ನನ್ನ ಕಿಂಡಿಯಿಂದಲೇ ಹೊರಕ್ಕೆ ನಡೆಯಿತು.
ಸಂಜೆ ಐದಕ್ಕೆ ಎಲ್ಲ ಲಗ್ನಪತ್ರಿಕೆ, ಎಲ್ಲ ತಿಥಿ ಕಾರ್ಡು,
ಮಂಡಕ್ಕಿ ಭಟ್ಟಿಯವರ ಚೀಲದ ಲೇಬಲ್ಲು,
ಮಗಳ ಐದನೇ ಕ್ಲಾಸಿನ ಫೋಟೋ,
ಒಂದೊಂದರ ಮೂಲೆಗೂ ಒಂದು ಸಣ್ಣ ಬಾಣ.
ಹೆಸರಿದೆ, ಒಳಗೆ ಯಾರೂ ಇಲ್ಲ.

ಗುತ್ಯಪ್ಪ ಬೈಯಲಿಲ್ಲ. ಬೆಂಚಿನ ಮೇಲೆ ಪೇಪರು ಹಾಸಿ
ಮೆಣಸಿನಕಾಯಿಯ ತೊಟ್ಟು ಮುರಿದು
"ಮಂಡಕ್ಕಿ ತಿನ್ನು ಮೊದಲು" ಅಂದರು.

ಆ ರಾತ್ರಿ ಕೆಟಿಜೆ ನಗರದ ವಠಾರದಲ್ಲಿ
ನಿದ್ದೆ ಬಾರದೆ ಅಡಿಗೆಮನೆಯ ಗೋಡೆ ನೋಡಿದೆ.
ನನಗೂ ಆಚೆಮನೆ ಮೆಹಬೂಬಿಗೂ ನಡುವೆ
ಇಟ್ಟಿಗೆ ತೆಗೆದ ಕಿಂಡಿ. ಯಾರು ತೆಗೆದರೋ,
ನಾವಿಬ್ಬರೂ ಬರುವ ಮುಂಚಿನದು.
ಬಟ್ಟಲು ಹಾಯುತ್ತದೆ, ತಟ್ಟೆ ಹಾಯದು.
ನನಗೆ ಅವಳ ಒಲೆ ಕಾಣದು, ಅವಳಿಗೆ ನನ್ನ ಹಾಸಿಗೆ.
ಒಗ್ಗರಣೆಯ ಘಾಟಿಗೆ ಮಾತ್ರ ಯಾರ ಪರವಾನಗಿಯೂ ಬೇಡ.
ಗಂಡ ಕೂಗಾಡುವ ದಿನ ಅಲ್ಲೊಂದು ಡಬ್ಬಿ ಅಡ್ಡ ಇಡುತ್ತೇನೆ.
ಯಾಕೆಂದು ಅವಳು ಕೇಳುವುದಿಲ್ಲ.
ಡಬ್ಬಿ ಸರಿದ ಮೇಲೆ ಕರೆಯುತ್ತಾಳೆ:
"ಅಕ್ಕಾ, ಹುಣಸೆಹಣ್ಣು ಐತಾ?"

ಮಾರನೇ ದಿನ ಸೆಟ್ಟಿಂಗಿನ ಮುಂದೆ
ಅವಸರವಿಲ್ಲದೆ ಕೂತೆ. ಹಳೇ ಕಿಂಡಿ ಮುಚ್ಚಿದೆ.
ಒಂದೇ ಫೋಲ್ಡರು. ಓದಲು ಮಾತ್ರ.
ಫೋಟೋ, ಬಾರ್ಡರು, ದೇವರ ಪಟ ಅಲ್ಲಿಂದ ಒಳಗೆ ಹೋಗಲಿ,
ಮುದುಕ ನೋಡಲಿ, ತಿದ್ದದಿರಲಿ.
ಮಿಕ್ಕದ್ದೆಲ್ಲ ಅವನ ಪಾಲಿಗೆ ಗೋಡೆ.
ತಾನಾಗಿ ಜೋಡಿಸುವ ಟಿಕ್ಕನ್ನೂ ತೆಗೆದೆ;
ಬೇಕಾದಾಗ ನಾನೇ ಕರೆದರಾಯಿತು.

ಭದ್ರವಾಗಿತ್ತು. ತೊಡಕು ಒಂದೇ:
ಅವನು ಕೂರಿಸಿದ ಒತ್ತಕ್ಷರಕ್ಕೆ ಈಚೆ ಬರಲು ದಾರಿಯಿಲ್ಲ.
ಮುದ್ದಾಗಿ ಸಿದ್ಧವಾದ ಲಗ್ನಪತ್ರಿಕೆ
ಗಾಜಿನಾಚೆ ನಿಂತು ನನ್ನನ್ನೇ ನೋಡುತ್ತಿತ್ತು.

ಆಗ ನೆನಪಾಯಿತು, ಮನೆಯಲ್ಲಿ ತೊಳೆದು ಬೋರಲು ಹಾಕಿದ
ಮೆಹಬೂಬಿಯ ಸ್ಟೀಲು ಬಟ್ಟಲು. ಮೂರು ದಿನ ಆಗಿತ್ತು.
ಬರಿದೇ ಹೆಂಗೆ ಕೊಡೋದು ಅಂತ ಕೊಟ್ಟಿರಲಿಲ್ಲ.

ಇನ್ನೊಂದು ಫೋಲ್ಡರು ಮಾಡಿದೆ. ಸಣ್ಣದು.
ಓದಲು ಮಾತ್ರ ಎಂಬ ಚೌಕದ ಮೇಲೆ
ಬೆರಳು ಒಂದು ಗಳಿಗೆ ತಡೆಯಿತು. ಖಾಲಿ ಬಿಟ್ಟೆ.
ಹೆಸರೇನು ಅಂತ ಕೇಳಿತು.
ಮುದುಕನಿಗೆ ನಮ್ಮ ಹೊಸ ಕನ್ನಡ ಓದಲು ಬಾರದೆಂದು
ಇಂಗ್ಲಿಷಿನಲ್ಲೇ ಒತ್ತಿದೆ: ಬಿ, ಎ, ಎರಡು ಟಿ, ಎ, ಎಲ್, ಯು.

ಸಂಜೆ ಮೊದಲ ಪತ್ರಿಕೆ ಅದರಲ್ಲಿ ಬಂದು ಕೂತಿತ್ತು.
ತೆರೆಯುವ ಮುಂಚೆ ವೈರಸ್ ಇದೆಯೇ ನೋಡಿದೆ.
ಮೆಹಬೂಬಿಯೂ ನನ್ನ ಸಾರನ್ನು ಮೂಸಿಯೇ ಒಳಗೊಯ್ಯುವುದು;
ನಾನೇನು ಬೇಜಾರು ಮಾಡಿಕೊಂಡಿಲ್ಲ.